ಸೇನಾಪತಿಯ ಕೋಟಿನ ತೂತು

ಟೇಪು ಮಾಸ್ತರರ ಹೆಂಡತಿಗೆ ಆರು ವರ್ಷದಿಂದ ಒಂದೇ ಆಸೆ. ಮಹಾನಗರದ ಗಡಿಯಾರ ಗೋಪುರ ಹತ್ತಬೇಕು, ತುದಿಯಲ್ಲಿ ನಿಂತು ಕೆಳಗೆ ನೋಡಬೇಕು.

ಈ ಆಸೆ ತಾನಾಗಿ ಹುಟ್ಟಿದ್ದಲ್ಲ, ಪಕ್ಕದ ಮನೆಯ ಗೋಡೆಯಿಂದ ಬಂದದ್ದು. ಪಕ್ಕದ ಮನೆಯಾಕೆಯ ಗಂಡನಿಗೆ ಔಷಧಿ ಅಂಗಡಿ ಇದ್ದದ್ದರಿಂದ ಬೀದಿಯವರೆಲ್ಲ ಆಕೆಯನ್ನು ಔಷಧಿ ಅಂಗಡಿ ಅಕ್ಕ ಎನ್ನುತ್ತಿದ್ದರು. ಆಕೆಯ ಮನೆಯ ಬಾಗಿಲು ತೆರೆದ ಕೂಡಲೇ ಎದುರು ಗೋಡೆಯ ಮೇಲೆ ಒಂದು ದೊಡ್ಡ ಫೋಟೋ. ಅಕ್ಕ ಗೋಪುರದ ತುದಿಯಲ್ಲಿ ಸೊಂಟದೆತ್ತರದ ಕಟಕಟೆಗೆ ಮೊಣಕೈ ಊರಿ ನಿಂತಿದ್ದಾಳೆ. ಹಿಂದೆ ಆಕಾಶ, ಎರಡು ಮೋಡ, ಒಂದು ಹಕ್ಕಿ, ಕೆಳಗೆ ಬೆಂಕಿಪೊಟ್ಟಣದಷ್ಟು ಮನೆಗಳು. ಯಾರು ಒಂದು ಲೋಟ ಸಕ್ಕರೆ ಕೇಳಲು ಹೋದರೂ ಅಕ್ಕ ಸಕ್ಕರೆ ಕೊಡುವ ಮೊದಲು ಗೋಪುರ ಹತ್ತಿಸಿಯೇ ಕೊಡುತ್ತಿದ್ದಳು.

"ಮುನ್ನೂರ ಹನ್ನೆರಡು ಮೆಟ್ಟಿಲು ಕಣ್ರೀ. ಎಲ್ಲರಿಗೂ ಆಗೋದಲ್ಲ ಬಿಡಿ."

"ಎಲ್ಲರಿಗೂ" ಎನ್ನುವಾಗ ಅಕ್ಕನ ಕಣ್ಣು ಮಾಸ್ತರರ ಹೆಂಡತಿಯ ಮೊಣಕಾಲಿನ ಮೇಲೆ ಇರುತ್ತಿತ್ತು. ಆರು ವರ್ಷ ಹೀಗೆ ಸಕ್ಕರೆ ತಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಮಾಸ್ತರರು ಆ ಫೋಟೋವನ್ನು ಗಮನವಿಟ್ಟು ನೋಡಿದ್ದು ಒಂದೇ ಸಲ. ನೋಡಿದವರು ಕತ್ತು ಓರೆ ಮಾಡಿ, "ಆಕಾಶದಲ್ಲಿ ಒಂದು ಹೊಲಿಗೆ ಕಾಣುತ್ತಲ್ಲ, ಎರಡು ಬಟ್ಟೆ ಜೋಡಿಸಿದ ಹಾಗೆ" ಎಂದುಬಿಟ್ಟರು. ಹೆಂಡತಿ ಅವರ ಮೊಣಕೈ ಹಿಡಿದು ಮನೆಗೆ ಎಳೆದು ತಂದಳು.

"ನಿಮಗೆ ದೇವರೇ ಪ್ರತ್ಯಕ್ಷ ಆದ್ರೂ ಕೈ ಮುಗಿಯಲ್ಲ, ಕಾಲರ್ ಸರಿಯಾಗಿ ಕೂತಿದೆಯಾ ನೋಡ್ತೀರಿ!"

ಮಾತು ಸುಳ್ಳಲ್ಲ. ಮಾಸ್ತರರು ಇಪ್ಪತ್ತೆರಡು ವರ್ಷದಿಂದ ದರ್ಜಿ. ಅಳತೆಯ ಟೇಪು ಅವರ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಬ್ಯಾಂಕಿಗೂ ಅದರೊಂದಿಗೇ ಹೋಗುತ್ತಿದ್ದರು, ಹಲ್ಲು ಕೀಳಿಸಿಕೊಳ್ಳಲೂ ಅದರೊಂದಿಗೇ ಹೋಗಿದ್ದರು. ಹಾಗಾಗಿ, ಕೊನೆಗೂ ಮೂರು ದಿನ ಅಂಗಡಿ ಮುಚ್ಚಿ ಮಹಾನಗರಕ್ಕೆ ಹೋಗುವುದೆಂದು ನಿಶ್ಚಯವಾದಾಗ ಹೆಂಡತಿ ಒಂದೇ ಷರತ್ತು ಹಾಕಿದಳು: ಟೇಪು ಮನೆಯಲ್ಲಿರಬೇಕು. ಮಾಸ್ತರರು ಒಪ್ಪಿ, ಅದನ್ನು ಕೊರಳಿನಿಂದ ತೆಗೆದು, ಸುತ್ತಿ, ಅವಳು ಆ ಕಡೆ ತಿರುಗಿದಾಗ ಕೋಟಿನ ಜೇಬಿಗೆ ಹಾಕಿಕೊಂಡರು.

ಕೋಟು ಅವರದಲ್ಲ. ಯಾರೋ ಹೊಲಿಯಲು ಕೊಟ್ಟು ಮೂರು ವರ್ಷವಾದರೂ ಒಯ್ಯದ ಕಂದು ಕೋಟು. "ಗಾಳಿ ಆಡಿಸಿದ ಹಾಗೂ ಆಗುತ್ತೆ" ಎಂದು ಮಾಸ್ತರರು ಅದನ್ನು ತೊಟ್ಟರು. ಅವರಿಗದು ಎಷ್ಟು ಒಪ್ಪಿತೆಂದರೆ, ರೈಲಿನಲ್ಲಿ ಇಬ್ಬರು ಎದ್ದು ಸೀಟು ಬಿಟ್ಟರು. ಅನರ್ಥಕ್ಕೆ ಬೀಜ ಬಿದ್ದದ್ದು ಅಲ್ಲೇ.

ಬೀಜ ಮೊಳೆತದ್ದು ಲಾಡ್ಜಿನ ಕೌಂಟರಿನಲ್ಲಿ. ಮ್ಯಾನೇಜರ್ ರಿಜಿಸ್ಟರ್ ತಿರುಗಿಸಿ ಮುಂದಿಟ್ಟ. ಹೆಸರು, ವಿಳಾಸ, ಉದ್ಯೋಗ. ಮಾಸ್ತರರ ಪೆನ್ನು ಉದ್ಯೋಗದ ಹತ್ತಿರ ಬಂದು ನಿಂತಿತು. ಮೇಲಿನ ಸಾಲಿನಲ್ಲಿ ಯಾರೋ "ಹೃದಯ ತಜ್ಞ" ಎಂದು ಬರೆದಿದ್ದರು. ಅದರ ಮೇಲಿನವರು "ಭೂಗರ್ಭ ತಜ್ಞ". ಇಂಥವರ ಕೆಳಗೆ, ಇಂಥ ಕೋಟು ತೊಟ್ಟು, ಬರೀ "ದರ್ಜಿ" ಎಂದು ಹೇಗೆ ಬರೆಯುವುದು? ಮಾಸ್ತರರು ಒಮ್ಮೆ ಕೆಮ್ಮಿ, ದುಂಡಗೆ "ಪ್ರಾಚೀನ ವಸ್ತ್ರ ತಜ್ಞ" ಎಂದು ಬರೆದರು. ಇದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಅವರ ಬಳಿ ರಿಪೇರಿಗೆ ಬರುತ್ತಿದ್ದ ಪ್ಯಾಂಟುಗಳನ್ನು ನೋಡಿದ ಯಾರೂ ಅವು ಪ್ರಾಚೀನವಲ್ಲ ಎನ್ನಲಾರರು.

ಮ್ಯಾನೇಜರ್ ಅದನ್ನು ತಲೆಕೆಳಗಾಗಿಯೇ ಓದಿ ಕುರ್ಚಿಯಿಂದ ಎದ್ದ.

"ಸರ್! ದೇವರು ಕಳಿಸಿದ ಹಾಗೆ ಬಂದ್ರಿ. ನಮ್ಮ ಭಾವ ಇಲ್ಲಿನ ಮ್ಯೂಸಿಯಂ ಅಧಿಕಾರಿ. ಎರಡು ವರ್ಷದಿಂದ ನಿಮ್ಮಂಥೋರನ್ನ ಹುಡುಕ್ತಿದ್ದಾರೆ."

"ಹುಡುಕ್ತಾ ಇದ್ದಾರಾ?" ಎಂದರು ಮಾಸ್ತರರು. ಅಂಗಡಿ ಬಾಡಿಗೆ ವಸೂಲಿಯವನನ್ನು ಬಿಟ್ಟರೆ ಅವರನ್ನು ಈ ತನಕ ಯಾರೂ ಹುಡುಕಿದ್ದಿಲ್ಲ.

ಒಳಗಿನ ಕತ್ತಲೆ ಕೋಣೆ ಹೋಗಿ ಕಿಟಕಿಯಿರುವ ಕೋಣೆ ಸಿಕ್ಕಿತು. ಕಿಟಕಿ ತೆಗೆದರೆ ಎದುರಿಗೇ ಗಡಿಯಾರ ಗೋಪುರ. ಹೆಂಡತಿಗೆ ಹಿಗ್ಗೋ ಹಿಗ್ಗು. "ಇವತ್ತೇ ಹತ್ತಿಬಿಡೋಣ ರೀ. ಐದಕ್ಕೆ ಬಾಗಿಲು ಹಾಕ್ತಾರಂತೆ" ಎಂದು ಮುಖ ತೊಳೆದು, ಮೆಟ್ಟಿಲಿಗೆಂದೇ ಕೊಂಡಿದ್ದ ಹೊಸ ಚಪ್ಪಲಿ ಹಾಕಿಕೊಂಡಳು. ಬೀಗ ಹಾಕಿ ತಿರುಗಿದರೆ ಮೆಟ್ಟಿಲ ಬುಡದಲ್ಲಿ ಮ್ಯೂಸಿಯಂ ಅಧಿಕಾರಿ ಕೈ ಜೋಡಿಸಿಕೊಂಡು ನಿಂತಿದ್ದ.

"ಹತ್ತೇ ನಿಮಿಷ ಸರ್. ಕಾರು ತಂದಿದ್ದೀನಿ."

ಆ ಹತ್ತು ನಿಮಿಷದ ಲೆಕ್ಕವನ್ನು ಮಾಸ್ತರರ ಹೆಂಡತಿ ಇವತ್ತಿಗೂ ಮರೆತಿಲ್ಲ.

ಮ್ಯೂಸಿಯಮ್ಮಿನ ನಡು ಹಜಾರದಲ್ಲಿ ಒಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಒಂದು ನೀಲಿ ಉಣ್ಣೆ ಕೋಟು. ಆ ನಗರವನ್ನು ಕಟ್ಟಿದ ಸೇನಾಪತಿಯ ಕೋಟದು. ಎಡ ಎದೆಯ ಮೇಲೆ ಕಡಲೆ ಕಾಳಿನಷ್ಟು ತೂತು. ಕೆಳಗೆ ಹಿತ್ತಾಳೆ ಫಲಕ: "ಶತ್ರುವಿನ ಗುಂಡು ಹೊಕ್ಕ ಸ್ಥಳ." ಶಾಲೆಗಳಿಂದ ಮಕ್ಕಳನ್ನು ಸಾಲಾಗಿ ಕರೆತಂದು ಈ ತೂತನ್ನು ತೋರಿಸುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಎರಡು ವರ್ಷದ ಹಿಂದೆ ಉಪ ಅಧಿಕಾರಿ ಪತ್ರಿಕೆಯಲ್ಲಿ ಲೇಖನ ಬರೆದು, ಇದು ಗುಂಡಿನ ತೂತಲ್ಲ, ಈಟಿಯದು ಎಂದ. ಅಂದಿನಿಂದ ಅಧಿಕಾರಿಗೂ ಉಪ ಅಧಿಕಾರಿಗೂ ಹಾವು ಮುಂಗುಸಿ. ಒಂದೇ ಕೋಣೆಯಲ್ಲಿ ಎದುರು ಬದುರು ಕೂತು, ಕಾವಲುಗಾರನ ಬಾಯಿಂದ ಮಾತಾಡುತ್ತಿದ್ದರು.

"ಗುಂಡು ಅಲ್ವಾ ಸರ್?" ಎಂದ ಅಧಿಕಾರಿ.

ಉಪ ಅಧಿಕಾರಿ ಕಾವಲುಗಾರನ ಕಿವಿಯಲ್ಲಿ ಏನೋ ಹೇಳಿದ. "ಈಟಿ ಅಲ್ವಾ ಅಂತ ಕೇಳ್ತಿದ್ದಾರೆ" ಎಂದ ಕಾವಲುಗಾರ.

ಮಾಸ್ತರರು ಗಾಜಿಗೆ ಮೂಗು ತಾಗಿಸಿ ನೋಡಿದರು. ಒಂದು ನೋಟ ಸಾಕಾಯಿತು. ಇಂಥ ತೂತನ್ನು ಅವರು ತಮ್ಮ ಕೈಯಾರೆ ಹನ್ನೊಂದು ಮಾಡಿದ್ದರು. ಇದ್ದಿಲು ಇಸ್ತ್ರಿ ಪೆಟ್ಟಿಗೆಯಿಂದ ಕಿಡಿ ಹಾರಿ ಉಣ್ಣೆಯ ಮೇಲೆ ಬಿದ್ದರೆ ಆಗುವ ತೂತು. ಅಂಚು ಕರಕಲಾಗಿ, ಗಟ್ಟಿಯಾಗಿ, ಗುಂಡಗೆ ನಿಲ್ಲುತ್ತದೆ. ಆದರೆ ಎಡಕ್ಕೆ ಅಧಿಕಾರಿ, ಬಲಕ್ಕೆ ಉಪ ಅಧಿಕಾರಿ, ನಡುವೆ ಬೇರೆಯವರ ಕೋಟು ತೊಟ್ಟ ತಾವು. ಮಾಸ್ತರರಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇದಕ್ಕೆ," ಎಂದರು ನಿಧಾನವಾಗಿ, "ಹೆಚ್ಚಿನ ಅಧ್ಯಯನ ಬೇಕು."

ಇದು ಅವರ ಸ್ವಂತ ಮಾತಲ್ಲ. ತಮ್ಮ ಬೀದಿಯ ಕಟ್ಟಿಕೊಂಡ ಮೋರಿ ನೋಡಲು ಬಂದಿದ್ದ ಇಂಜಿನಿಯರ್ ಹೇಳಿದ್ದು. ಮೋರಿ ಇಂದಿಗೂ ಕಟ್ಟಿಕೊಂಡೇ ಇದೆ, ಇಂಜಿನಿಯರರಿಗೆ ಬಡ್ತಿ ಸಿಕ್ಕಿದೆ. ಇಲ್ಲಿಯೂ ಮಾತು ಹಾಗೇ ಕೆಲಸ ಮಾಡಿತು. ಅಧಿಕಾರಿ, ಉಪ ಅಧಿಕಾರಿ ಇಬ್ಬರೂ ತಲೆದೂಗಿದರು. ಎರಡು ವರ್ಷದಲ್ಲಿ ಅವರು ಒಟ್ಟಿಗೆ ತಲೆದೂಗಿದ್ದು ಅದೇ ಮೊದಲು ಎಂದು ಕಾವಲುಗಾರ ಆಮೇಲೆ ಹೇಳಿದ. ಟೀ ಬಂತು, ಬಿಸ್ಕತ್ತು ಬಂತು, ಮ್ಯೂಸಿಯಮ್ಮಿನ ಇತಿಹಾಸದ ಪುಸ್ತಕ ಬಂತು. ಹೊರಗೆ ಬಂದಾಗ ಗೋಪುರದ ಗಡಿಯಾರ ಐದು ಹೊಡೆಯುತ್ತಿತ್ತು.

ಕೋಣೆಗೆ ಬಂದ ಮೇಲೆ ಮಾಸ್ತರರು ಹೆಂಡತಿಗೆ ಮಾತ್ರ ನಿಜ ಹೇಳಿದರು.

"ಇಸ್ತ್ರಿ ಕಿಡಿ ಕಣೇ. ಗುಂಡೂ ಅಲ್ಲ, ಈಟಿಯೂ ಅಲ್ಲ."

"ಮತ್ತೆ ಅಲ್ಲೇ ಹೇಳಬಾರದಿತ್ತಾ?"

"ತಜ್ಞರು ಹಾಗೆ ಒಂದೇ ಮಾತಲ್ಲಿ ಹೇಳಲ್ಲ."

"ನೀವು ಯಾವಾಗ ತಜ್ಞರಾದ್ರಿ?"

"ಮಧ್ಯಾಹ್ನ ಒಂದೂವರೆಗೆ" ಎನ್ನಬೇಕಾಗಿತ್ತು. ಮಾಸ್ತರರು ಹಾಗೆನ್ನದೆ ರಿಜಿಸ್ಟರಿನ ಸಂಗತಿಯನ್ನು ಮೆಲ್ಲಗೆ ಬಿಚ್ಚಿಟ್ಟರು. ಹೆಂಡತಿ ಕೇಳಿಸಿಕೊಂಡು, ಹೊಸ ಚಪ್ಪಲಿ ಬಿಚ್ಚಿ ಮಂಚದ ಕೆಳಗಿಟ್ಟಳು. ಅವಳಿಗೆ ಕೋಪಕ್ಕಿಂತ ಹೆಚ್ಚಾಗಿ ಬೇಜಾರಾಗಿತ್ತು. ಆ ಹೊಲಿಗೆ ಮೆಷಿನ್ನಿನಿಂದ ಅವಳು ಇಪ್ಪತ್ತು ವರ್ಷ ಉಂಡಿದ್ದಳು. ಅದನ್ನು ಮುಚ್ಚಿಡಬೇಕಾದಂಥದ್ದು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಎಂಟಕ್ಕೇ ಕಾರು. ಗಾಜಿನ ಪೆಟ್ಟಿಗೆ ತೆಗೆಸಿ ಕೋಟನ್ನು ತಜ್ಞರ ಕೈಗೆ ಕೊಡುವುದೆಂದು ನಿರ್ಧಾರವಾಗಿತ್ತು. ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಅಧಿಕಾರಿಯ ಹತ್ತಿರ, ಇನ್ನೊಂದು ಉಪ ಅಧಿಕಾರಿಯ ಹತ್ತಿರ. ಅವನು ಮೊದಲು ತೆಗೆಯಲಿ ಎಂದು ಇವನು, ಇವನು ಮೊದಲು ತೆಗೆಯಲಿ ಎಂದು ಅವನು. ನಡುವೆ ಕಾವಲುಗಾರ ಇಪ್ಪತ್ತು ಸಲ ಓಡಾಡಿದ. ಮಧ್ಯಾಹ್ನ ಊಟದ ವಿರಾಮ. ಊಟವಾದ ಮೇಲೆ ಅಧಿಕಾರಿಯ ಕೀಲಿ ಕಾಣಲಿಲ್ಲ. ಅದು ಅವನದೇ ಹಿಂಜೇಬಿನಲ್ಲಿ ಸಿಕ್ಕಾಗ ಗೋಪುರ ಐದು ಹೊಡೆದು ಕಾಲು ಗಂಟೆಯಾಗಿತ್ತು. ಮಾಸ್ತರರ ಹೆಂಡತಿ ಆ ದಿನ ಒಂದೇ ಬೆಂಚಿನ ಮೇಲೆ ಕೂತು ಸೇನಾಪತಿಯ ಬೂಟು, ಹುಕ್ಕಾ, ಹಲ್ಲುಕಡ್ಡಿ ಎಲ್ಲ ನೋಡಿ ಮುಗಿಸಿದಳು.

"ನಾಳೆ ಮಧ್ಯಾಹ್ನ ಮೂರೂವರೆಗೆ ಸರ್" ಎಂದ ಅಧಿಕಾರಿ. "ನಗರಸಭೆ ಅಧ್ಯಕ್ಷರು ಬರ್ತಾರೆ. ಪತ್ರಿಕೆಯವರೂ ಬರ್ತಾರೆ. ತಾವು ಎಲ್ಲರ ಎದುರಿಗೆ ತೀರ್ಪು ಕೊಡಬೇಕು."

"ನಾಳೆ ಸಂಜೆ ಏಳಕ್ಕೆ ನಮಗೆ ರೈಲು" ಎಂದಳು ಹೆಂಡತಿ.

"ಹತ್ತೇ ನಿಮಿಷ ಅಮ್ಮಾ."

"ಹಂಗಾದ್ರೆ ಬೆಳಗ್ಗೆ ಹತ್ತಿಬಿಡೋಣ" ಎಂದಳು ಗಂಡನಿಗೆ. ಆದರೆ ಬೆಳಗ್ಗೆ ಹೋಗಿ ನೋಡಿದರೆ ಗೋಪುರದ ಬಾಗಿಲಿಗೆ ಬೋರ್ಡು: ಗಡಿಯಾರಕ್ಕೆ ಎಣ್ಣೆ ಹಾಕುವ ದಿನ, ಮಧ್ಯಾಹ್ನ ಮೂರರ ಮೇಲೆ ಪ್ರವೇಶ. ಹಣೆಬರಹ ಎನ್ನುವುದು ಇದಕ್ಕೇ.

ಮೂರನೆಯ ದಿನ ಹಜಾರದ ತುಂಬ ಕುರ್ಚಿ. ಅಧ್ಯಕ್ಷರು ನಡುವೆ, ದಪ್ಪಗೆ, ಸಮಾಧಾನವಾಗಿ ಕೂತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಸೇನಾಪತಿಯ ಕೋಟು, ಪಕ್ಕದಲ್ಲಿ ಭೂತಗನ್ನಡಿ. ಮಾಸ್ತರರ ಹೆಂಡತಿಗೆ ಮುಂದಿನ ಸಾಲಿನಲ್ಲಿ ಜಾಗ. ಕಿಟಕಿಯಲ್ಲಿ ಗೋಪುರದ ಗಡಿಯಾರ ಕಾಣುತ್ತಿತ್ತು. ಅವಳು ಭಾಷಣಕಾರರನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು. ಸ್ವಾಗತ ಭಾಷಣ ಮುಗಿದಾಗ ಮೂರು ಐವತ್ತು.

ಮಾಸ್ತರರು ಎದ್ದರು. ಎರಡು ಮಾತು ಹೇಳಿ ನುಣುಚಿಕೊಳ್ಳಬೇಕೆಂದಿದ್ದರು, ಪಾಪ. ಆದರೆ ಎದುರಿಗೆ ಇಷ್ಟು ಜನ, ಪತ್ರಿಕೆಯವನ ಕೈಯಲ್ಲಿ ಪೆನ್ನು. ತಮ್ಮ ಅಂಗಡಿಯಲ್ಲಿ ಅವರು ಬಾಯಿ ತೆಗೆದರೆ ಗಿರಾಕಿ "ಗುರುವಾರಕ್ಕೆ ಕೊಡ್ತೀರೋ ಇಲ್ವೋ ಅಷ್ಟು ಹೇಳಿ" ಎನ್ನುತ್ತಿದ್ದ. ಇಲ್ಲಿ ಕೆಮ್ಮಿದರೂ ಬರೆದುಕೊಳ್ಳುತ್ತಿದ್ದರು.

"ತೂತು ಎಂದರೆ ಏನು?" ಎಂದು ಶುರು ಮಾಡಿದರು. "ಬಟ್ಟೆ ಇಲ್ಲದ ಜಾಗ. ಆದರೆ ಸುತ್ತ ಬಟ್ಟೆ ಇಲ್ಲದಿದ್ದರೆ ಅದನ್ನು ತೂತು ಅನ್ನಲಾಗುವುದಿಲ್ಲ."

ಅಧ್ಯಕ್ಷರು ತಲೆದೂಗಿದರು. ಪತ್ರಿಕೆಯವನು ಬರೆದುಕೊಂಡ.

"ತೂತು ಎರಡು ವಿಧ. ತಾನಾಗಿ ಆದದ್ದು, ಮಾಡಿದ್ದು. ಮಾಡಿದ್ದರಲ್ಲಿ ಮತ್ತೆ ಎರಡು ವಿಧ. ಬೇಕೆಂದು ಮಾಡಿದ್ದು, ಬೇಡವೆಂದರೂ ಆದದ್ದು..."

ಗೋಪುರ ನಾಲ್ಕು ಹೊಡೆಯಿತು. ಮಾಸ್ತರರು ಗುಂಡಿನ ಪರವಾಗಿ ಮೂರು ಮಾತು ಹೇಳಿದರು, ಅಧಿಕಾರಿ ಅರಳಿದ. ಈಟಿಯ ಪರವಾಗಿ ಮೂರು ಮಾತು ಹೇಳಿದರು, ಉಪ ಅಧಿಕಾರಿ ಅರಳಿದ. ನಾಲ್ಕೂ ಕಾಲಾಯಿತು. "ಇನ್ನು ಮೂರನೆಯ ಸಾಧ್ಯತೆಗೆ ಬರುವ ಮೊದಲು, ಉಣ್ಣೆಯ ಇತಿಹಾಸವನ್ನು ಸ್ವಲ್ಪ..." ಎಂದು ಮಾಸ್ತರರು ನೀರು ಕುಡಿದರು.

ಹೆಂಡತಿ ಎದ್ದು ನಿಂತಳು.

"ರೀ, ಅದು ಇಸ್ತ್ರಿ ಕಿಡಿ ಬಿದ್ದ ತೂತು ಅಂತ ಮೊನ್ನೆನೇ ಹೇಳಿದ್ರಲ್ಲ? ಹೋದ ವರ್ಷ ಪೋಸ್ಟ್ ಮಾಸ್ಟರ್ ಕೋಟಿಗೆ ನೀವೇ ಮಾಡಿದ್ರಲ್ಲ, ಹಾಗೇ ಇದೆ ಅಂತ. ಅಷ್ಟು ಹೇಳಿ ಬನ್ನಿ, ಹೊತ್ತಾಯ್ತು."

ಸೂಜಿ ಬಿದ್ದರೂ ಕೇಳಿಸುವ ಮೌನ. ಸೂಜಿ ಬೀಳಲಿಲ್ಲ, ಟೇಪು ಬಿತ್ತು. ಗಾಬರಿಯಲ್ಲಿ ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಮಾಸ್ತರರು ಜೇಬಿಗೆ ಕೈ ಹಾಕಿದ್ದರು, ಟೇಪು ಬಿಚ್ಚಿಕೊಂಡು ನೆಲಕ್ಕೆ ಇಳಿಯಿತು. ಬಗ್ಗಿ ಎತ್ತಿಕೊಂಡವರು ಇಪ್ಪತ್ತೆರಡು ವರ್ಷದ ರೂಢಿಯಂತೆ ಅದನ್ನು ಕೊರಳಿಗೆ ಹಾಕಿಕೊಂಡುಬಿಟ್ಟರು. ಹಾಕಿಕೊಂಡ ಮೇಲೆ ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

"ತಾವು ಯಾರು?" ಎಂದರು ಅಧ್ಯಕ್ಷರು.

"ದರ್ಜಿ" ಎಂದರು ಮಾಸ್ತರರು. ಆ ಮಾತು ಬಾಯಿಂದ ಬಂದದ್ದೇ ಅವರಿಗೆ ಎಷ್ಟೋ ಹಗುರವಾಯಿತು. ಸೇನಾಪತಿಯ ಕೋಟನ್ನು ಎತ್ತಿ, ಒಳಮಗ್ಗುಲು ತಿರುವಿ, ಎಲ್ಲರಿಗೂ ಹಿಡಿದು ತೋರಿಸಿದರು. "ನೋಡಿ ಸ್ವಾಮಿ, ಲೈನಿಂಗಿಗೆ ಏನೂ ಆಗಿಲ್ಲ. ಗುಂಡಾಗಲಿ ಈಟಿಯಾಗಲಿ, ಹೊರಗಿನ ಬಟ್ಟೆ ತೂರಿ ಬಂದು, ಲೈನಿಂಗ್ ನೋಡಿ, ಕ್ಷಮಿಸಿ ಅಂತ ವಾಪಸ್ ಹೋಗುತ್ತಾ? ಇದು ಕಿಡಿ. ಇಸ್ತ್ರಿ ಮಾಡಿದವನು ಯಾರೋ, ಹೆದರಿ ಬಾಯಿ ಮುಚ್ಚಿಕೊಂಡಿರಬೇಕು. ನಾನೂ ಹಾಗೇ ಮಾಡೋದು."

ಅಧ್ಯಕ್ಷರು ಬಗ್ಗಿ ನೋಡಿದರು. ಅವರು ವ್ಯವಹಾರಸ್ಥರು.

"ಇದನ್ನ ಸರಿ ಮಾಡೋಕಾಗುತ್ತಾ?"

"ರಫೂ ಮಾಡಿದ್ರೆ ಗೊತ್ತೇ ಆಗಲ್ಲ. ಅರ್ಧ ಗಂಟೆ ಕೆಲಸ."

"ಮುಟ್ಟಬೇಡಿ!" ಎಂದು ಅಧಿಕಾರಿ ಚೀರಿದ. "ತೂತು ಮುಚ್ಚಿದರೆ ಈ ಮ್ಯೂಸಿಯಮ್ಮಲ್ಲಿ ನೋಡೋಕೆ ಏನಿದೆ?"

"ಅದೇ ನಾನೂ ಹೇಳೋದು!" ಎಂದ ಉಪ ಅಧಿಕಾರಿ, ಕಾವಲುಗಾರನ ಸಹಾಯವಿಲ್ಲದೆ, ನೇರವಾಗಿ. ಎರಡು ವರ್ಷದ ಹಗೆ ಅಲ್ಲಿಗೆ ಮುಗಿಯಿತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಮಾಸ್ತರರನ್ನೂ ಅವರ ಹೆಂಡತಿಯನ್ನೂ ಬಾಗಿಲ ತನಕ ದಬ್ಬಿಕೊಂಡು ಬಂದರು. ಮಾಸ್ತರರ ಮುಖ ಇಂಗು ತಿಂದ ಮಂಗನಂತಾಗಿತ್ತು. ಹೆಂಡತಿಯದು ಹಾಗಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹೊರಗೆ ಬರುವುದೇ.

"ದರ್ಜಿ ಅಂತ ಬರೆದಿದ್ರೆ ಮೊದಲನೇ ದಿನಾನೇ ಹತ್ತಿಬಿಡ್ತಿದ್ವಿ" ಎಂದಳು. ಅಷ್ಟೇ. ಆಮೇಲೆ ಇಬ್ಬರೂ ಓಡಿದರು.

ಗೋಪುರದ ಬುಡ ತಲುಪಿದಾಗ ಐದಕ್ಕೆ ಇಪ್ಪತ್ತು ನಿಮಿಷ.

"ನಾಲ್ಕೂ ಮುಕ್ಕಾಲು ಆದಮೇಲೆ ಒಳಗೆ ಬಿಡಲ್ಲ" ಎಂದ ಬಾಗಿಲವನು. "ಇನ್ನು ಐದೇ ನಿಮಿಷ."

ಬಾಗಿಲ ಪಕ್ಕದಲ್ಲೇ ಒಂದು ಫೋಟೋ ಅಂಗಡಿ. ಅಂಗಡಿಯವನು ಕೂಗಿ ಕರೆದ: "ಬನ್ನಿ ಅಮ್ಮಾ, ಮೇಲೆ ಹೋಗಿ ಯಾಕೆ ಕಾಲು ನೋಯಿಸಿಕೊಳ್ತೀರಿ? ಮೇಲೆ ಕ್ಯಾಮೆರಾ ಬಿಡೋದೂ ಇಲ್ಲ. ತುದಿಯಲ್ಲಿ ನಿಂತ ಹಾಗೆ ಇಲ್ಲೇ ತೆಗೀತೀನಿ. ಐದೇ ನಿಮಿಷ!"

ಮಾಸ್ತರರ ಹೆಂಡತಿ ಒಳಗೆ ಇಣುಕಿದಳು. ಗೋಡೆಗೆ ಒಂದು ದೊಡ್ಡ ಪರದೆ ಇಳಿಬಿಟ್ಟಿತ್ತು. ಪರದೆಯ ಮೇಲೆ ಆಕಾಶ, ಎರಡು ಮೋಡ, ಒಂದು ಹಕ್ಕಿ, ಬೆಂಕಿಪೊಟ್ಟಣದಷ್ಟು ಮನೆಗಳು. ಮುಂದೆ ಸೊಂಟದೆತ್ತರದ ರಟ್ಟಿನ ಕಟಕಟೆ. ಎರಡು ಬಟ್ಟೆ ಜೋಡಿಸಿದ ಹೊಲಿಗೆಯೊಂದು ಆಕಾಶದ ನಡುವೆ ಹಾದು, ಒಂದು ಮೋಡವನ್ನು ಸೀಳಿಕೊಂಡು ಕೆಳಗಿಳಿದಿತ್ತು.

ಅವಳು ಗಂಡನ ಮುಖ ನೋಡಿದಳು. ಗಂಡ ಹೊಲಿಗೆ ನೋಡುತ್ತಿದ್ದರು.

"ನಾನು ಅವತ್ತೇ ಹೇಳಲಿಲ್ವಾ?" ಎಂದರು. "ಒಂಟಿ ನೂಲಿನ ಹೊಲಿಗೆ. ಬಾಳಿಕೆ ಬರಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಂಗಡಿಯವನು ಕುರ್ಚಿ ಒರೆಸುತ್ತಿದ್ದ, ಬಾಗಿಲವನು ಬೀಗ ಕೈಗೆತ್ತಿಕೊಂಡಿದ್ದ. ಒಂದು ಕಡೆ ಗೋಡೆಗೆ ಹಾಕಬಹುದಾದ ಫೋಟೋ, ಮೆಟ್ಟಿಲಿಲ್ಲ. ಇನ್ನೊಂದು ಕಡೆ ಮುನ್ನೂರ ಹನ್ನೆರಡು ಮೆಟ್ಟಿಲು, ಫೋಟೋ ಇಲ್ಲ. ಮಾಸ್ತರರು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವಳು ಹನ್ನೆರಡನೆಯ ಮೆಟ್ಟಿಲಲ್ಲಿದ್ದಳು.

ನೂರನೆಯ ಮೆಟ್ಟಿಲಲ್ಲಿ ಮಾಸ್ತರರು ಕೂತರು, ನೂರ ಐವತ್ತರಲ್ಲಿ ಮತ್ತೆ ಕೂತರು, ಇನ್ನೂರರಲ್ಲಿ ಅವಳು ಅವರ ಕೈ ಹಿಡಿದು ಎಳೆದಳು. ಅವಳ ಮೊಣಕಾಲಿಗೆ ಏನೂ ಆಗಲಿಲ್ಲ. ತುದಿಗೆ ಬಂದು ನೋಡಿದರೆ ಕಟಕಟೆ ಸೊಂಟದೆತ್ತರವಲ್ಲ, ಗಟ್ಟಿ ಕಲ್ಲಿನ ಗೋಡೆ, ಅವಳ ಹಣೆಯ ತನಕ. ಆಕಾಶ ಬಿಟ್ಟರೆ ಬೇರೇನೂ ಕಾಣದು. ಅವಳ ಮುಖ ಸಣ್ಣದಾಯಿತು.

ಮಾಸ್ತರರು ಒಂದು ಕ್ಷಣವೂ ಯೋಚಿಸಲಿಲ್ಲ. ಆ ಕಂದು ಕೋಟನ್ನು ಬಿಚ್ಚಿದರು. ನಾಲ್ಕು ಮಡಿಕೆ, ಎಂಟು ಮಡಿಕೆ, ಹದಿನಾರು ಮಡಿಕೆ ಮಾಡಿ, ಅಂಗಡಿಯಲ್ಲಿ ಬಟ್ಟೆ ಅಡಕುವ ಹಾಗೆ ಅದುಮಿ, ನೆಲದ ಮೇಲಿಟ್ಟರು.

"ಹತ್ತು."

"ಯಾರದೋ ಕೋಟು ರೀ."

"ಮೂರು ವರ್ಷದಿಂದ ಬಂದಿಲ್ಲ. ಹತ್ತು."

ಅವಳು ಅದರ ಮೇಲೆ ತುದಿಗಾಲಲ್ಲಿ ನಿಂತು, ಗೋಡೆಗೆ ಗದ್ದ ತಾಗಿಸಿ ನೋಡಿದಳು. ಮನೆಗಳು ಬೆಂಕಿಪೊಟ್ಟಣದ ಹಾಗಿರಲಿಲ್ಲ. ಮನೆಗಳ ಹಾಗೇ ಇದ್ದವು, ಚಿಕ್ಕದಾಗಿ. ಮಹಡಿಗಳ ಮೇಲೆ ಸಾವಿರಾರು ಬಟ್ಟೆ ಒಣಗುತ್ತಿದ್ದವು. "ಎಷ್ಟೊಂದು ಅಂಗಿ ರೀ!" ಎಂದಳು. ಗಾಳಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು. ಬರೀ ಗಾಳಿಗಲ್ಲ. ಅವಳಿಗೆ ಅಷ್ಟು ಸಂತೋಷವಾಗಿತ್ತು. ಕಾಲ ಕೆಳಗೇ ಗಡಿಯಾರ ಐದು ಹೊಡೆದಾಗ ಇಬ್ಬರೂ ಕಿವಿ ಮುಚ್ಚಿಕೊಂಡರು.

ಬ್ಯಾಗು ತರಲು ಲಾಡ್ಜಿಗೆ ಹೋಗುವ ಮೊದಲೇ ಭಾವನಿಂದ ಮ್ಯಾನೇಜರನಿಗೆ ಸುದ್ದಿ ಮುಟ್ಟಿತ್ತು. ರಿಜಿಸ್ಟರನ್ನು ತಿರುಗಿಸಿ, ಆ ಸಾಲಿನ ಮೇಲೆ ಬೆರಳಿಟ್ಟ. ಮಾಸ್ತರರು ಗೀಟು ಹೊಡೆದು "ದರ್ಜಿ" ಎಂದು ಬರೆದರು. ಹೆಂಡತಿ ಬಗ್ಗಿ ಓದಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು. ಮ್ಯಾನೇಜರನೂ ಓದಿದ, ಅತ್ತ ಇತ್ತ ನೋಡಿದ, ಆಮೇಲೆ ಮೆಲ್ಲಗೆ ಕೇಳಿದ: "ಈ ಪ್ಯಾಂಟು ಸೊಂಟದಲ್ಲಿ ಒಂದಿಂಚು ಬಿಡಿಸೋಕಾಗುತ್ತಾ?"

"ಒಂದು ಸಾಕಾಗಲ್ಲ, ಎರಡು ಬೇಕು" ಎಂದರು ಮಾಸ್ತರರು, ಟೇಪು ತೆಗೆಯದೆಯೇ.

ಊರಿಗೆ ಬಂದ ಮಾರನೆಯ ದಿನ ಸಕ್ಕರೆ ಮುಗಿದಿತ್ತು. ಮಾಸ್ತರರ ಹೆಂಡತಿ ಲೋಟ ಹಿಡಿದು ಪಕ್ಕದ ಮನೆಗೆ ಹೋದಳು. ಅಲ್ಲಿ ಬೀದಿಯ ಇನ್ನೂ ಮೂವರು ಹೆಂಗಸರು ಕೂತಿದ್ದರು. ಔಷಧಿ ಅಂಗಡಿ ಅಕ್ಕ ಇಂಥದ್ದಕ್ಕೇ ಕಾದಿದ್ದವಳು.

"ಏನಮ್ಮಾ, ಗೋಪುರ ಹತ್ತಿದೆಯಾ? ಹತ್ತಿದ್ರೆ ಫೋಟೋ ಎಲ್ಲಿ?"

ಮೂವರೂ ತಿರುಗಿ ನೋಡಿದರು. ಮಾಸ್ತರರ ಹೆಂಡತಿ ಗೋಡೆಯ ಹತ್ತಿರ ಹೋಗಿ, ಗಂಡನ ಹಾಗೇ ಕತ್ತು ಓರೆ ಮಾಡಿ, ಫೋಟೋವನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಅಕ್ಕಾ," ಎಂದಳು, "ನಿಮ್ಮ ಆಕಾಶದ ಹೊಲಿಗೆ ಬಿಡ್ತಾ ಬಂದಿದೆ. ಕಳಿಸಿಕೊಡಿ. ನಮ್ಮ ಮನೆಯವರು ದರ್ಜಿ, ಗೊತ್ತೇ ಆಗದ ಹಾಗೆ ಹಾಕಿಕೊಡ್ತಾರೆ."

ಆ ದಿನ ಸಕ್ಕರೆ ಲೋಟದ ತುಂಬ ಬಂತು, ಮಾತಿಲ್ಲದೆ. ಸಂಜೆಗೆ ಆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು.